ಸಹಾಯವಾಣಿ ಪ್ರತಾಪ

ಪ್ರತಾಪ ಎಂದು ಹೆಸರಿಟ್ಟವರಿಗೆ ಮುಂದೆ ಈ ಕೂಸು ಎಂಥ ಆಳಾಗುತ್ತದೆ ಎಂಬ ಅಂದಾಜು ಇದ್ದಿರಲಿಕ್ಕಿಲ್ಲ. ತಿಕೋಟಾದ ಓಣಿಯಲ್ಲಿ ನಾಯಿ ಬೊಗಳಿದರೆ ದಾರಿ ಬದಲಿಸುವವರ ಪೈಕಿ ಅವನು. ಬಿ.ಎ. ಮುಗಿಸಿದ, ಪೊಲೀಸ್ ಭರ್ತಿಗೆ ಹೋದ, ಎದೆಯ ಅಳತೆಯಲ್ಲೇ ಹೊರಬಿದ್ದ. ಕೊನೆಗೆ ಒಂದು ಏಜೆನ್ಸಿ ಹಿಡಿದು ವಿಜಯಪುರದ ಹೊರವಲಯದ ಒಂದು ವಿಶ್ವವಿದ್ಯಾಲಯದ ಗೇಟಿಗೆ ಕಾವಲುಗಾರನಾದ. "ನನ್ನ ಎದಿ ಪೊಲೀಸರಿಗೆ ಸಾಲಲಿಲ್ಲ. ಏಜೆನ್ಸಿಯವರು ಶಾಣ್ಯಾರು, ಅಂಗೀನ ದೊಡ್ಡದು ಕೊಟ್ರು" ಎಂದು ತಾನೇ ಹೇಳಿಕೊಂಡು ನಗುತ್ತಿದ್ದ. ತಾನೇ ಮೊದಲು ನಕ್ಕುಬಿಟ್ಟರೆ ಬೇರೆಯವರಿಗೆ ನಗಲು ಹೆಚ್ಚು ಉಳಿಯುವುದಿಲ್ಲ ಎಂಬುದು ಅವನ ಹಿಕಮತ್ತು. ತಾಯಿ ಪರಸವ್ವ ಮಾತ್ರ ಆ ನೀಲಿ ಅಂಗಿ ನೋಡಿ ನಗಲಿಲ್ಲ. ದ್ರಾಕ್ಷಿ ತೋಟದ ಕೂಲಿ ಮುಗಿಸಿ ಬಂದವಳು ಅದನ್ನು ತಾನೇ ಒಗೆದು, ಮಡಿಚಿ, ದಿಂಬಿನ ಕೆಳಗಿಟ್ಟು ಇಸ್ತ್ರಿ ಮಾಡುತ್ತಿದ್ದಳು.

ಆ ವರ್ಷ ಹೊಸ ವಿದ್ಯಾರ್ಥಿಗಳ ಸ್ವಾಗತ ಸಮಾರಂಭದ ಹೊಣೆ ವಿಜಯಲಕ್ಷ್ಮೀ ಮೇಡಂ ಅವರದಾಗಿತ್ತು. ಬರೀ ಗುಲಾಬಿ, ಪೇಢೆ ಕೊಟ್ಟು ಕಳಿಸುವುದು ಅವರಿಗೆ ಸಾಕೆನಿಸಲಿಲ್ಲ. ಈ ಸಲ ಸುರಕ್ಷತೆಯೂ ಇರಬೇಕು: ಹುಡುಗಿಯರಿಗೆಲ್ಲ ಒಂದೊಂದು ಸೀಟಿ, ಎಲ್ಲರ ಗುರುತಿನ ಕಾರ್ಡಿನ ಹಿಂದೆ ಸಹಾಯವಾಣಿಯ ನಂಬರು. ಸೀಟಿ ಬಂದವು. ಸಹಾಯವಾಣಿಗೆಂದು ಕೇಳಿದ್ದ ಹೊಸ ಸಿಮ್ಮಿನ ಫೈಲು ಮಾತ್ರ ಯಾವುದೋ ಮೇಜಿನ ಮೇಲೆ ಕುಳಿತುಬಿಟ್ಟಿತ್ತು. ಕಾರ್ಡು ಅಚ್ಚು ಹಾಕುವವನು ಸಂಜೆಯೊಳಗೆ ನಂಬರು ಬೇಕೆಂದ.

"ಸದ್ಯಕ್ಕ ಯಾರದರ ಒಂದು ನಂಬರ್ ಹಾಕೂಣು. ಯಾರ ಫೋನು ಯಾವಾಗೂ ಚಾಲೂ ಇರತೈತಿ?" ಎಂದು ಮೇಡಂ ಗೇಟಿಗೆ ಬಂದು ಕೇಳಿದರು.

"ಇವಂದ ಹಾಕ್ರಿ ಮೇಡಂ" ಎಂದ ಜೊತೆಯ ಕಾವಲುಗಾರ ಬಂದೇನವಾಜ. "ಇವಗ ಯಾರೂ ಫೋನ್ ಹಚ್ಚೂದಿಲ್ಲ. ಲೈನ್ ಯಾವಾಗೂ ಖಾಲಿ."

ಹಾಗೆ ಒಂದು ಚೇಷ್ಟೆಯ ಮಾತಿನಿಂದ ಪ್ರತಾಪನ ಸ್ವಂತ ನಂಬರು ನೂರಾರು ಕೊರಳಿಗೆ ಬಿತ್ತು. ಸಮಾರಂಭದ ದಿನ ರ್‍ಯಾಗಿಂಗ್ ಮಾಡುವುದಿಲ್ಲವೆಂದು ಹಿರಿಯ ವಿದ್ಯಾರ್ಥಿಗಳು ಕೈ ಚಾಚಿ ಆಣೆ ಮಾಡಿದ ಮೇಲೆ ಮೇಡಂ ಅವನನ್ನು ವೇದಿಕೆಗೆ ಕರೆದರು. "ಇವರು ನಿಮ್ಮ ಪ್ರತಾಪಣ್ಣ. ಏನ ತೊಂದ್ರಿ ಬಂದ್ರೂ ಹಚ್ಚರಿ, ಇವರು ಎತ್ತತಾರ" ಎಂದರು. ಚಪ್ಪಾಳೆ ಬಿತ್ತು. ಕೈ ಮುಗಿಯಬೇಕೋ ಸಲ್ಯೂಟ್ ಹೊಡೆಯಬೇಕೋ ತಿಳಿಯದೆ ಪ್ರತಾಪ ಎರಡನ್ನೂ ಅರ್ಧರ್ಧ ಮಾಡಿದ.

ಕೆಳಗಿಳಿದಾಗ ಬಿಳಿ ಅಂಗಿಯ ಒಬ್ಬರು ಅವನನ್ನು ಬದಿಗೆ ಕರೆದರು. ಬಬಲೇಶ್ವರದ ಸಿದ್ದರಾಮ, ಬೀಜ-ಗೊಬ್ಬರದ ಅಂಗಡಿಯವರು. ಊರಿಂದಲೇ ದಿನಾ ಬಸ್ಸಿನಲ್ಲಿ ಓಡಾಡಿ ಓದಲಿದ್ದ ಮಗಳು ಶೈಲಾಳನ್ನು ಬಿ.ಎಸ್ಸಿ.ಗೆ ಹಚ್ಚಲು ಬಂದಿದ್ದರು.

"ನೋಡ ತಮ್ಮಾ, ನಮ್ಮ ಮನ್ಯಾಗ ಹೆಣ್ಣಹುಡುಗೀನ ಇಷ್ಟ ದೂರ ಕಳಸಿದ್ದು ಇದ ಮೊದಲ. ಏನರ ಹೆಚ್ಚುಕಡಿಮಿ ಆದ್ರ ಮೊದಲ ನನಗ ತಿಳೀಬೇಕು" ಎಂದು ಅಲ್ಲೇ ಅವನ ಫೋನಿಗೆ ಒಂದು ಮಿಸ್ಡ್ ಕಾಲ್ ಕೊಟ್ಟರು. "ಹೌದ್ರಿ ಮಾಲಕರ" ಎಂದ ಪ್ರತಾಪ 'ಶೈಲಾ ಅಪ್ಪ' ಎಂದು ಉಳಿಸಿಕೊಂಡ.

ಫೋನುಗಳು ಬರತೊಡಗಿದವು. ಒಬ್ಬಳಿಗೆ ಲೈಬ್ರರಿ ಎಲ್ಲಿದೆ ಎಂದು ಗೊತ್ತಾಗಬೇಕಿತ್ತು. ಒಬ್ಬನಿಗೆ ಹಾಸ್ಟೆಲಿನ ಸಾರಿನಲ್ಲಿ ಬೇಳೆ ಕಾಣಿಸಿರಲಿಲ್ಲ. ಮತ್ತೊಬ್ಬ, "ಸಹಾಯವಾಣಿ ಅಲ್ರಿ? ನನ್ನ ಅಸೈನ್‌ಮೆಂಟ್ ಬರಕೊಡ್ತೀರೇನ್ರಿ?" ಎಂದ. "ಲೇ ಸಹಾಯವಾಣಿ, ನನಗೂ ಒಂದು ಚಾದ ಸಹಾಯ ಮಾಡಲೇ" ಎಂದು ಬಂದೇನವಾಜ ಕಾಡುವುದು ಶುರುವಾಯಿತು. ಹೊರಗೆ ಗೊಣಗುತ್ತಿದ್ದರೂ ಪ್ರತಾಪನಿಗೆ ಒಳಗೆ ಹಿತವಾಗಿತ್ತು. ಫೋನಿಗೆ ಹೊಸ ಕವರು ಕೂಡ ಹಾಕಿಸಿದ.

ದಸರಾ ಸೂಟಿ ಮುಗಿದ ಮೇಲೆ ಒಂದು ಸಂಜೆ ಶೈಲಾಳ ಫೋನು ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದಳು. "ಅಣ್ಣಾರ, ಎದರಿನ ಸ್ಟಾಪಿನಾಗ ನಿಂತೇನ್ರಿ. ಇಬ್ಬರು ಗಾಡಿ ಮ್ಯಾಲ ಸುತ್ತಾಕತ್ತಾರ. ಸ್ವಲ್ಪ ಬಂದ ನಿಂದರ್ತೀರೇನ್ರಿ?"

ರಸ್ತೆ ದಾಟುವಷ್ಟರಲ್ಲಿ ಪ್ರತಾಪ ಮನಸ್ಸಿನಲ್ಲೇ ಎರಡು ಸಲ ಹೊಡೆತ ತಿಂದಿದ್ದ. ಹೋಗಿ ಅವಳ ಪಕ್ಕ ಸುಮ್ಮನೆ ನಿಂತ. ದೊಗಳೆ ಪ್ಯಾಂಟನ್ನು ಮೇಲೆಳೆದು ಬೆಲ್ಟು ಬಿಗಿದ. ಗಾಡಿಯವರು ನೀಲಿ ಅಂಗಿ ನೋಡಿದರು, ಅದರೊಳಗೆ ಯಾರಿದ್ದಾರೆ ಎಂದು ವಿಚಾರಿಸದೆ ಹೋದರು. ಅಂದಿನಿಂದ ಸಿಟಿ ಬಸ್ಸು ಬರುವ ತನಕ ಅವಳ ಜೊತೆ ನಿಲ್ಲುವುದು ಅವನ ಕೆಲಸಗಳಲ್ಲಿ ಒಂದಾಯಿತು.

"ನಿಮ್ಮ ಅಪ್ಪಾರಿಗೆ ಒಂದ ಮಾತ ಹೇಳ್ಲೇನವಾ?" ಎಂದು ಒಮ್ಮೆ ಕೇಳಿದ.

"ಬ್ಯಾಡ್ರಿ ಅಣ್ಣಾರ, ನಿಮ್ಮ ಕಾಲ ಬೀಳ್ತೇನಿ! ದಾರ್‍ಯಾಗ ಹಿಂಗ ಐತಿ ಅಂತ ಗೊತ್ತಾದ್ರ ನಾಳಿಂದನ ನನ್ನ ಸಾಲಿ ಬಂದ್. ನಮ್ಮ ಕಾಕಾನ ಮಗಳದೂ ಹಿಂಗ ಆತು. ಅದಕ್ಕ ನಿಮಗ ಹಚ್ಚತೇನಿ, ಮನಿಗೆ ಹಚ್ಚೂದಿಲ್ಲ."

"ಆತ ಬಿಡವಾ, ಹೇಳೂದಿಲ್ಲ."

ದೀಪಾವಳಿ ಮುಗಿಯುತ್ತಲೇ ಏಜೆನ್ಸಿ ಬದಲಾಯಿತು. ಹೊಸ ಏಜೆನ್ಸಿ ತನ್ನದೇ ಆಳುಗಳನ್ನು ತಂದಿತು. ಬಂದೇನವಾಜ ಸೊಲ್ಲಾಪುರ ರಸ್ತೆಯ ಟ್ರಕ್ ಗ್ಯಾರೇಜು ಸೇರಿದ. ಪ್ರತಾಪ ತಿಕೋಟಾಕ್ಕೆ ಮರಳಿ ಈರಯ್ಯನ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸಿ ಬಾಕ್ಸು ತುಂಬುವ ಕೆಲಸ ಹಿಡಿದ. ಅಂಗಿ ವಾಪಸು ತೆಗೆದುಕೊಂಡರು. ನಂಬರನ್ನು ತೆಗೆದುಕೊಳ್ಳುವವರು ಯಾರೂ ಇರಲಿಲ್ಲ.

ಮೇಡಂ ಹತ್ತಿರ ಹೋಗಿ ಕೇಳಿದ. ಅವರು ಕೆಟ್ಟವರಲ್ಲ. "ಕಾರ್ಡ್ ಎಲ್ಲಾ ಹಂಚಿ ಆಗ್ಯಾವಲ್ಲ ಪ್ರತಾಪ. ಮುಂದಿನ ವರ್ಷ ಹೊಸ ನಂಬರ್ ಹಾಕಸ್ತೇನಿ. ಅಲ್ಲೀತನಕ ಬಂದ ಫೋನ್ ಗೇಟಿಗೆ ತಿಳಿಸಿಬಿಡ್ರಿ. ಹುಡುಗರಿಗೆಲ್ಲಾ ನಿಮ್ಮ ದನಿ ಪರಿಚಯ ಆಗೇತಿ" ಎಂದು ಗೇಟಿನ ಹೊಸ ಕಾವಲುಗಾರನ ನಂಬರು ಕೊಟ್ಟರು.

"ಆ ಸಿಮ್ ತಗದ ಒಗಿಯೋ ಯಪ್ಪಾ" ಎಂದಳು ಪರಸವ್ವ. "ಪಗಾರ ಇಲ್ಲದ ಚಾಕರಿ ಎದಕ?"

"ಯಾರರ ಹಚ್ಚಿದ್ರ ಬೇ?"

"ಹಚ್ಚಿದ್ರ ನೀ ಇಲ್ಲಿಂದ ಹಾರಿ ಹೋಗಾಂವೇನು?"

ಪ್ರತಾಪ ಫೋನನ್ನು ಚಾರ್ಜಿಗೆ ಹಚ್ಚಿದ. ಶೈಲಾ ಫೋನ್ ಮಾಡಿ, "ಸ್ಟಾಪಿನ ಕಡೆ ಕಾಣವಲ್ರಿ?" ಎಂದಾಗ ಕೆಲಸ ಹೋಯಿತು ಎನ್ನಲು ನಾಲಗೆ ಬರಲಿಲ್ಲ. "ಪಾಳಿ ಬದಲಾಗೇತವಾ. ಒಳಗ ಹಾಸ್ಟೆಲ್ ಕಡೆ ಅದೀನಿ. ಏನರ ಇದ್ರ ಹಚ್ಚು, ಬರ್ತೇನಿ" ಎಂದುಬಿಟ್ಟ. ವೇದಿಕೆ ಹತ್ತಿದವನಿಗೆ ದ್ರಾಕ್ಷಿ ಶೆಡ್ಡಿನಲ್ಲಿದ್ದೇನೆ ಎನ್ನಲು ನಾಚಿಕೆ. ಆ ಗಾಡಿಯವರೂ ಕೆಲವು ವಾರ ಕಾಣಿಸಲಿಲ್ಲವಾದ್ದರಿಂದ ಸುಳ್ಳು ಯಾರಿಗೂ ಭಾರವಾಗದೆ ನಡೆಯಿತು.

ಸಂಕ್ರಾಂತಿಯ ಆಸುಪಾಸು. ಬೇಗ ಕತ್ತಲಾಗುವ ದಿನಗಳು. ಬಾಕ್ಸಿಗೆ ಪಟ್ಟಿ ಹಚ್ಚುತ್ತಿದ್ದಾಗ ಫೋನು ಬಂತು.

"ಅಣ್ಣಾರ, ಅವರು ಮತ್ತ ಬಂದಾರ್ರಿ. ಇವತ್ತ ಮೂರ ಗಾಡಿ ಅದಾವು. ನಾ ಒಬ್ಬಾಕಿನ ಅದೇನಿ, ಬಸ್ ಬಂದಿಲ್ಲ."

"ಗೇಟಿನ ಒಳಗ ಹೋಗವಾ!"

"ಗೇಟಿನ ಮುಂದನ ನಿಂತಾರ. ನೀವು ಒಳಗ ಅದೀರಲ್ರಿ, ಲಗೂನ ಬರ್ರಿ."

"ಪೊಲೀಸರಿಗೆ ಹಚ್ಚು ಮೊದಲ."

"ಪೊಲೀಸರು ಬಂದ್ರ ಮನಿಗೆ ಗೊತ್ತಾಗತೈತ್ರಿ. ನೀವ ಬರ್ರಿ ಅಣ್ಣಾರ."

"ಬಂದೆ, ಬಂದೆ" ಎಂದ ಪ್ರತಾಪ, ತಿಕೋಟಾದ ಶೆಡ್ಡಿನಲ್ಲಿ ನಿಂತುಕೊಂಡು. ಫೋನು ಕಟ್ಟಾಯಿತು.

ಗೇಟಿಗೆ ಹಚ್ಚಿದ. "ಸ್ಟಾಪ್ ಗೇಟಿನ ಹೊರಗ ಐತ್ರಿ. ಹೊರಗಿಂದು ನಮಗ ಬರೂದಿಲ್ಲ. ನೀವ್ಯಾರು?" ಎಂದಿತು ಒಂದು ಹೊಸ ದನಿ. ಕಚೇರಿಗೆ ಹಚ್ಚಿದ, ರಿಂಗಾಗುತ್ತಲೇ ಉಳಿಯಿತು. ಮೇಡಂ ಫೋನು ಬಂದ್ ಇತ್ತು. ಬಂದೇನವಾಜ ಎತ್ತಲಿಲ್ಲ. ಶೈಲಾಳಿಗೆ ತಿರುಗಿ ಹಚ್ಚಿದರೆ ಸ್ವಿಚ್ ಆಫ್. ಪೊಲೀಸರಿಗೆ ತಾನೇ ಮಾಡೋಣವೆಂದರೆ ಅವರೂ ನೀನ್ಯಾರು ಎಂದೇ ಕೇಳುತ್ತಾರೆ. ಕಾವಲುಗಾರನಲ್ಲ, ಬಂಧುವಲ್ಲ, ಊರವನೂ ಅಲ್ಲ.

"ಏ ಪ್ರತಾಪ, ಫೋನ್ ಇಟ್ಟ ಕೆಲಸ ಮಾಡ್ತಿಯೋ, ಕೆಲಸ ಬಿಟ್ಟ ಫೋನ್ ಮಾಡ್ತಿಯೋ?" ಎಂದ ಈರಯ್ಯ. ಅವನಿಗೆ ಕೇಳಿಸಲಿಲ್ಲ. ಸ್ವಿಚ್ ಆಫ್ ಎಂಬ ಆ ಎರಡು ಶಬ್ದಗಳ ಹಿಂದೆ ಏನೇನೋ ಕಾಣತೊಡಗಿತ್ತು. ಬೆರಳು 'ಶೈಲಾ ಅಪ್ಪ' ಎಂಬಲ್ಲಿಗೆ ಹೋಯಿತು. ಸಿದ್ದರಾಮ ಎಲ್ಲವನ್ನೂ ಕೇಳಿಸಿಕೊಂಡು, "ಹೊಂಟೆ" ಎಂದಷ್ಟೇ ಹೇಳಿ ಇಟ್ಟರು.

ಒಂದು ಚಹಾ ಕುಡಿಯುವಷ್ಟರಲ್ಲಿ ಬಂದೇನವಾಜನ ಫೋನು ಬಂತು. "ಟ್ರಕ್ಕಿನ ತೆಳಗ ಇದ್ನೆಪಾ. ಏನ ಅಷ್ಟು ಹಚ್ಚಿದ್ದಿ?" ವಿಷಯ ಕೇಳಿ ಯಾರದೋ ಗಾಡಿ ಎತ್ತಿಕೊಂಡು ಓಡಿದ. ಸ್ವಲ್ಪ ಹೊತ್ತಿಗೆ ಮತ್ತೆ ಮಾಡಿದ. "ಸಿಕ್ಕಳೋ ಮಾರಾಯ. ಸ್ಟಾಪಿನ ಬಾಜೂಕ ಕಾಶಿಬಾಯಿ ಚಾದಂಗಡ್ಯಾಗ ಕುಂತಿದ್ಲು. ಮುದುಕಿ ಕೈಯಾಗ ಭಜಿ ಎತ್ತೂ ಜಾರಿ ಹಿಡಕೊಂಡು ಬೈದ ಬೈಗುಳಕ್ಕ ಗಾಡಿಯವರು ಎದ್ದಬಿದ್ದ ಓಡ್ಯಾರ. ಫೋನ್ ಚಾರ್ಜ್ ಹೋಗಿತ್ತಂತ. ಬಸ್ ಹತ್ತಿಸೇನಿ. ಏನೂ ಆಗಿಲ್ಲ, ಆರಾಮ ಇರು."

ಏನೂ ಆಗಿಲ್ಲ. ಪ್ರತಾಪ ಬಾಕ್ಸಿನ ಮೇಲೆ ಕುಸಿದು ಕುಳಿತ. ಸಿದ್ದರಾಮರಿಗೆ ಹಚ್ಚಿ, "ಮಾಲಕರ, ಏನೂ ಆಗಿಲ್ರಿ, ಬಸ್ಸಿನಾಗ ಬರಾಕತ್ತಾಳ" ಎಂದ. ಆ ಕಡೆಯಿಂದ ಜೀಪಿನ ಸದ್ದು ಕೇಳುತ್ತಿತ್ತು. "ಆಗೂತನಕ ಕಾಯಬೇಕೇನು?" ಎಂದರು ಸಿದ್ದರಾಮ. ತಮ್ಮಂದಿರನ್ನು ಕರೆದುಕೊಂಡು ವಿಜಯಪುರದ ಬಸ್‌ಸ್ಟ್ಯಾಂಡಿನಲ್ಲೇ ಮಗಳನ್ನು ಇಳಿಸಿಕೊಂಡು ಹೋದರು.

ಮುಂದಿನ ವಾರ ಸಹಾಯವಾಣಿಗೆ ಶೈಲಾಳ ಗೆಳತಿ ಸುರೈಯಾಳ ಫೋನು ಬಂತು. "ಅಣ್ಣಾರ, ಶೈಲಾ ಸಾಲಿಗೆ ಬರವಲ್ಲಳ್ರಿ. ಫೋನೂ ಹತ್ತವಲ್ದು. ನಿಮಗೇನರ ಗೊತ್ತೈತೇನ್ರಿ?"

ಗೊತ್ತಿತ್ತು. ಭಾನುವಾರ ಬಬಲೇಶ್ವರಕ್ಕೆ ಹೋದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದ. ಅಂಗಡಿಯಲ್ಲಿ ಸಿದ್ದರಾಮ ಅವನನ್ನು ನೋಡಿದ್ದೇ ಎದ್ದು ಬಂದು ಕೈ ಹಿಡಿದರು. ಅಲ್ಲಿದ್ದ ಗಿರಾಕಿಗಳಿಗೆಲ್ಲ ಹೇಳಿದರು: "ಇಂವನ ನೋಡ್ರಿ ಅವತ್ತ ಫೋನ್ ಮಾಡಿದಾಂವ. ದೇವರು ಮಾಡಿದಂಗ ಮಾಡ್ಯಾನ."

"ಮಾಲಕರ, ಹುಡುಗೀದು ಏನೂ ತಪ್ಪಿಲ್ರಿ" ಎಂದ ಪ್ರತಾಪ. ಬಾಯಿಪಾಠದಲ್ಲಿ ಉಳಿದದ್ದು ಅಷ್ಟೇ.

"ತಪ್ಪೈತಿ ಅಂತ ಯಾರಂದ್ರು? ತಪ್ಪಿಲ್ಲ ಅಂತನ ಮನ್ಯಾಗ ಇಟಗೊಂಡೇವಿ." ಸಿದ್ದರಾಮರ ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ಮ ತಿಕೋಟಾ ಕಡೇನ, ಬಿಜ್ಜರಗಿಯಿಂದ ಹುಡುಗೀನ ಕೇಳಕೊಂಡ ಒಂದ ಮನಿತನ ಬಂದೈತಿ. ತೋಟದವರು, ಚಲೋ ಮಂದಿ. ಶೈಲಾ, ಚಾ ತಾರವಾ!"

ಅಂಗಡಿಯ ಹಿಂದೆಯೇ ಮನೆ. ಶೈಲಾ ಬಂದಳು. ತಟ್ಟೆಯಲ್ಲಿ ಉಳಿದವರಿಗೆ ಪಿಂಗಾಣಿ ಕಪ್ಪು, ಪ್ರತಾಪನಿಗೆ ಕಾಗದದ್ದು. ಅವನು ಅದನ್ನು ಕಂಡೂ ಕಾಣದವನಂತೆ ತೆಗೆದುಕೊಂಡ. ಅದರಲ್ಲಿ ಅವನಿಗೆ ಚಿಕ್ಕಂದಿನಿಂದ ರೂಢಿಯಿತ್ತು. ಗಿರಾಕಿಯೊಬ್ಬ ಗೊಬ್ಬರದ ಚೀಲ ಕೇಳಿ, ಸಿದ್ದರಾಮ ಆ ಕಡೆ ತಿರುಗಿದರು.

"ನಾ ನಿಮಗ ಹಚ್ಚಿದ್ದೆ ಅಣ್ಣಾರ" ಎಂದಳು ಶೈಲಾ, ಮೆಲ್ಲಗೆ. "ನೀವು ಒಳಗ ಅದೀನಿ ಅಂದಿದ್ರಿ."

"ನನ್ನ ಕೆಲಸ ಹೋಗಿತ್ತವಾ."

"ಅಷ್ಟ ಹೇಳಿದ್ರ ಸಾಕಿತ್ತಲ್ರಿ. ಸುರೈಯಾನ ಜೋಡಿ ಮೊದಲಿನ ಬಸ್ಸಿಗೆ ಬರ್ತಿದ್ದೆ."

ಸಿಟ್ಟಿನಿಂದ ಅಂದದ್ದಲ್ಲ. ಲೆಕ್ಕದಲ್ಲಿ ಎಲ್ಲಿ ತಪ್ಪಿತು ಎಂದು ತೋರಿಸುವವಳಂತೆ ಅಂದು, ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಹೊರಡುವಾಗ ಸಿದ್ದರಾಮ ಬಿಡಲಿಲ್ಲ. ಹಣೆಗೆ ಕುಂಕುಮ ಹಚ್ಚಿಸಿ, ಎಲ್ಲರ ಎದುರು ಹೊಸ ಟವೆಲ್ಲು ಹೊದಿಸಿ, ತೆಂಗಿನಕಾಯಿ ಕೊಟ್ಟು ಕಳಿಸಿದರು. ಪ್ರತಾಪ ತಲೆ ಬಾಗಿಸಿ ಹೊದಿಸಿಕೊಂಡ.

ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಟಿಕೀಟು ಹರಿಯುತ್ತ ಬಂದ ಕಂಡಕ್ಟರ್ ಅವನ ಟವೆಲ್ಲು, ಕುಂಕುಮ, ಕಾಯಿ ನೋಡಿ ನಕ್ಕ.

"ಏನ್ರಿ, ಜೋರ ಐತಿ. ಯಾರ ಲಗ್ನಾ ಇತ್ತು?"

"ಇನ್ನಾ ಆಗಿಲ್ರಿ" ಎಂದ ಪ್ರತಾಪ. "ಆಕೈತಿ."