ನೀರಿನಡಿಯ ಗೋರಿಗಳು

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನಮ್ಮ ಪಕ್ಕದ ಮನೆಯ ಆಂಟಿ ಫಿಲಿಪ್ಪೀನ್ಸ್‌ನವರು, ನರ್ಸ್ ಆಗಿದ್ದು ರಿಟೈರ್ ಆದವರು. ನಾನು ಕೆಲಸಕ್ಕೆ ನ್ಯೂಯಾರ್ಕ್ ಟ್ರೈನ್ ಹಿಡಿಯುತ್ತಿದ್ದ ವರ್ಷಗಳಲ್ಲಿ ನನ್ನ ಮಗಳನ್ನು ಸ್ಕೂಲ್ ಬಸ್ಸಿನಿಂದ ಇಳಿಸಿಕೊಂಡು, ಉಣ್ಣಲು ಕೊಟ್ಟು ನೋಡಿಕೊಂಡವರು ಅವರೇ. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲಿ. ಆದರೂ ಅವರ ಮಾತು ನನಗೆ ನೆನಪಾಗುವುದು ಕನ್ನಡದಲ್ಲೇ.

ಹೋದ ಚಳಿಗಾಲದಲ್ಲಿ ಅವರ ಗಂಡ ತೀರಿಕೊಂಡರು. ಇಲ್ಲೇ ಮಣ್ಣು ಮಾಡಿದರು. ಅಪ್ಪನ ಪಕ್ಕದ ಜಾಗವನ್ನು ಅಮ್ಮನಿಗಾಗಿ ಕಾದಿರಿಸಲು ಮಗ ಹೊರಟಾಗ ಆಂಟಿ ತಡೆದರು. ಅವರಿಗೆ ಹುಟ್ಟಿದೂರಿನ ಮಣ್ಣಿನ ಆಸೆಯಿತ್ತು. "ನಮ್ಮ ಹಿರಿಯರನ್ನ ಒಂದ್ಸಲ ನೋಡಿ ಬರ್ತೀನಿ, ಆಮೇಲೆ ಹೇಳ್ತೀನಿ" ಅಂದರು.

ಹಿರಿಯರು ಇದ್ದದ್ದು ಸಮುದ್ರದ ಅಡಿಯಲ್ಲಿ. ಕಮಿಗಿನ್ ಎಂಬ ಅವರ ದ್ವೀಪದಲ್ಲಿ ಸುಮಾರು ಒಂದೂವರೆ ಶತಮಾನದ ಹಿಂದೆ ಜ್ವಾಲಾಮುಖಿ ಸಿಡಿದು, ಊರಿನ ಸ್ಮಶಾನ ಗೋರಿಗಳ ಸಮೇತ ಕಡಲಿಗೆ ಕುಸಿದಿತ್ತು. ಆಂಟಿಗೆ ಈಜು ಬಾರದು, ನನಗೆ ಬರುತ್ತದೆ. ಜೊತೆಗೆ ಬಾ ಎಂದರು.

"ವೆಕೇಶನ್ ಹಾಕಿ ಸ್ಮಶಾನ ನೋಡೋಕೆ ಹೋಗ್ತೀಯಾ? ಅದೂ ನೀರೊಳಗೆ?" ಎಂದರು ನನ್ನ ಯಜಮಾನರು.

"ಅವರು ಇದುವರೆಗೂ ನನ್ನ ಹತ್ರ ಏನೂ ಕೇಳಿಲ್ಲ ಕಣ್ರೀ."

ಕಮಿಗಿನ್‌ನಲ್ಲಿ ನಾವು ದೋಣಿ ಹತ್ತಿದ್ದು ಬೆಳಿಗ್ಗೆ. ಸ್ಮಶಾನದ ಗುರುತಿಗೆ ನಿಲ್ಲಿಸಿದ ದೊಡ್ಡ ಶಿಲುಬೆಯ ಹತ್ತಿರ ದೋಣಿಯವನು ಹಗ್ಗ ಕಟ್ಟಿದ. ಕಡಲು ಕೆರೆಯಷ್ಟು ಸುಮ್ಮನಿತ್ತು. ಮೊದಲು ನಾನೊಬ್ಬಳೇ ಇಳಿದೆ. ಉಸಿರಾಡುವ ಕೊಳವೆ ಕಚ್ಚಿಕೊಂಡು ಮುಖ ಮುಳುಗಿಸಿದಾಗ ಬರೀ ಹವಳದ ಬಂಡೆಗಳು ಕಂಡವು. ದಿಟ್ಟಿಸಿದಂತೆ ಕೆಲವು ಬಂಡೆಗಳಿಗೆ ನೇರವಾದ ಅಂಚುಗಳಿದ್ದವು. ಒಂದು ಚಪ್ಪಡಿ ವಾಲಿ, ಅದರಡಿ ಕತ್ತಲೆಯ ಸಂದು ಬಿಟ್ಟಿತ್ತು. ಬೇರೆಲ್ಲೆಡೆ ಮೀನುಗಳಿದ್ದವು, ಅಲ್ಲಿ ಒಂದೂ ಇರಲಿಲ್ಲ. ಆ ಸಂದಿನ ಮೇಲೆ ತೇಲುವಾಗ ಹೊಟ್ಟೆಗೆ ಬೆಚ್ಚನೆಯ ನೀರು ತಾಗಿತು, ಯಾರೋ ಉಸಿರು ಬಿಟ್ಟಂತೆ. ಕೈಕಾಲು ಬಡಿದು ದೋಣಿಗೆ ವಾಪಸಾದೆ.

ಹೇಳಿದ್ದನ್ನೆಲ್ಲ ಕೇಳಿ ಆಂಟಿ, "ಹಾಗಾದ್ರೆ ಅವರಿನ್ನೂ ತಣ್ಣಗಾಗಿಲ್ಲ" ಎಂದು ಲೈಫ್ ಜಾಕೆಟ್ ಕಟ್ಟಿಕೊಳ್ಳತೊಡಗಿದರು. ನಾನು ಬೇಡವೆಂದರೂ ಕೇಳಲಿಲ್ಲ.

ದೋಣಿಯ ಪಕ್ಕದಲ್ಲೇ ಕೈಕೈ ಹಿಡಿದು ತೇಲಿದೆವು. ಸ್ವಲ್ಪ ಹೊತ್ತಿಗೆ ಕೊಳವೆಯೊಳಗೇ ಗೊಣಗುಟ್ಟತೊಡಗಿದರು. ಮನೆತನದವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದರಂತೆ. ನನಗೆ ಆ ಭಾಷೆ ಬಾರದು. ನಾನು ಕೆಳಗಿನ ಚಪ್ಪಡಿಗಳನ್ನೇ ನೋಡುತ್ತ ಆ ಗುನುಗು ಕೇಳಿಸಿಕೊಳ್ಳುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ಪಕ್ಕಕ್ಕೆ ತಿರುಗಿದರೆ ನೀರಿನಲ್ಲಿ ಅವರ ಮುಖವಿರಲಿಲ್ಲ, ಕತ್ತಿನಿಂದ ಕೆಳಗಿನ ಮೈ ಮಾತ್ರ ಕಂಡಿತು. ತಲೆಯೆತ್ತಿದೆ. ಯಾವಾಗಲೋ ನನ್ನ ಕೈ ಬಿಟ್ಟಿದ್ದ ಆಂಟಿ ಕೊಳವೆ ತೆಗೆದು, ದೋಣಿಯ ಅಂಚು ಹಿಡಿದು, ಬಾಯಿ ಮುಚ್ಚಿಕೊಂಡು ತೇಲುತ್ತಿದ್ದರು. ಮತ್ತೆ ಮುಖ ಮುಳುಗಿಸಿದೆ. ಗುನುಗು ಇನ್ನೂ ನಡೆದಿತ್ತು.

ದೋಣಿಗೆ ಹತ್ತಿ ಕೇಳಿದಾಗ, "ಹವಳದಲ್ಲಿ ಸಣ್ಣ ಸೀಗಡಿ ಇರುತ್ತವೆ, ಅವುಗಳ ಸದ್ದು" ಎಂದ ದೋಣಿಯವನು. ಸೀಗಡಿಗಳ ಚಟಪಟ ನಾನು ಮೊದಲೇ ಕೇಳಿದ್ದೆ. ಇದು ಅದಲ್ಲ.

"ನಿಮಗೆ ಕೇಳಿಸ್ತಾ?" ಎಂದು ಆಂಟಿಯನ್ನು ಕೇಳಿದೆ.

"ಕೇಳಿಸ್ತು. ಅದಕ್ಕೇ ನಾನು ಹೇಳೋದು ನಿಲ್ಲಿಸಿದ್ದು."

ದೋಣಿಯವನು ಹಗ್ಗ ಬಿಚ್ಚಿ ದೋಣಿಯನ್ನು ದಡದ ಕಡೆ ತಿರುಗಿಸಿದ.

ಹಿಂದಿರುಗುವ ವಿಮಾನದಲ್ಲಿ ಆಂಟಿಯೇ ಮಾತು ತೆಗೆದರು. "ಮಗನಿಗೆ ಹೇಳ್ತೀನಿ, ಆ ಜಾಗ ತಗೊಳ್ಳಲಿ."

"ನಿಮ್ಮೂರು ಬೇಡವಾ?"

"ಅಲ್ಲಿ ಅಷ್ಟೊಂದು ಜನ, ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದಾರೆ. ನ್ಯೂಜೆರ್ಸಿಯಲ್ಲಿ ನಮ್ಮನೆಯವರು ಒಬ್ಬರೇ."

ಹೇಳಿ ಕಣ್ಣು ಮುಚ್ಚಿದರು, ಬೇಗ ನಿದ್ದೆಯೂ ಬಂತು. ನನಗೆ ಮಾತ್ರ ನೆವಾರ್ಕ್ ಬರುವವರೆಗೂ ಕಿವಿಯಿಂದ ಇಯರ್‌ಫೋನ್ ತೆಗೆಯಲು ಧೈರ್ಯವಾಗಲಿಲ್ಲ.