ಪಕ್ಕದ ಮನೆಯವರ ಬುಕ್ತಾ

ಸ್ಕಾರ್‌ಬರೋದಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯಲ್ಲಿ ನಾರ್ವೆ ದೇಶದ ಹೆಂಗಸೊಬ್ಬರಿದ್ದರು. ಎಂಬತ್ತರ ಆಸುಪಾಸಿನ ವಯಸ್ಸು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಇಂಗ್ಲಿಷಿನಲ್ಲೇ ಬದುಕಿದವರು. ಹೋದ ಚಳಿಗಾಲದಲ್ಲಿ ಪಾರ್ಶ್ವವಾಯು ಹೊಡೆದು ಆಸ್ಪತ್ರೆ ಸೇರಿದರು. ಎಚ್ಚರವಾದಾಗ ಇಂಗ್ಲಿಷ್ ಹೋಗಿಬಿಟ್ಟಿತ್ತು, ಹುಟ್ಟುಭಾಷೆ ಮಾತ್ರ ಉಳಿದಿತ್ತು.

ನಾನು ನೋಡಲು ಹೋದಾಗ "ಬುಕ್ತಾ, ಬುಕ್ತಾ" ಎನ್ನುತ್ತಿದ್ದರು. ಬಕೆಟ್ ಕೇಳುತ್ತಿದ್ದಾರೆ, ವಾಂತಿ ಬರುತ್ತಿದೆಯೇನೋ ಎಂದು ನರ್ಸ್ ಒಂದನ್ನು ತಂದಿಟ್ಟಳು. ಅವರು ಎಡಗೈಯಿಂದ ಅದನ್ನು ದೂಡಿದರು. ನ್ಯೂಮಾರ್ಕೆಟ್ ಊರಿನಿಂದ ದಿನಾ ಸಂಜೆ ಬರುತ್ತಿದ್ದ ಮಗನಿಗೂ ತಿಳಿಯಲಿಲ್ಲ. ಅವನು ಇಲ್ಲೇ ಹುಟ್ಟಿದವನು. ತಾಯಿ ತಮ್ಮ ಭಾಷೆಯಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೇ ಬೆಳೆದವನು.

ಮನೆಗೆ ಬಂದು ಗಂಡನಿಗೆ ಹೇಳಿದೆ.

"ಫೋನಿನ್ಯಾಗ ಡಿಕ್ಷನರಿ ಇರತಾವಲ್ಲ, ಹುಡುಕಿ ನೋಡ," ಎಂದರು.

"ಸ್ಪೆಲ್ಲಿಂಗ್ ಗೊತ್ತಿಲ್ಲಲ್ರಿ."

"ಕೇಳಿಸಿದಂಗ ಟೈಪ್ ಮಾಡ."

ಸಿಕ್ಕಿತು. ಮೂಲ ಪದ ಬುಕ್ತ್, ಅರ್ಥ ಕೊಲ್ಲಿ. ಉತ್ತರ ಜರ್ಮನಿಯ ಕಡೆಯ ಮಾತಿನಿಂದ ನಾರ್ವೆಗೆ ಬಂದದ್ದಂತೆ. ಮೊದಲ ಅರ್ಥ ಬಾಗು. ಕಡಲು ದಡದೊಳಕ್ಕೆ ಬಾಗಿದ ಜಾಗಕ್ಕೂ ಅದೇ ಹೆಸರಾಯಿತು. ವ್ಯಾಕರಣ ನನಗೆ ಇನ್ನೂ ಹಿಡಿಸಿತು. ಗೊತ್ತಿರುವ ವಸ್ತುವನ್ನು ತೋರಿಸಲು ಇಂಗ್ಲಿಷಿನಲ್ಲಿ ಪದದ ಮುಂದೆ ಬರುವ 'ದ' (the) ಅವರಲ್ಲಿ ನಮ್ಮ ವಿಭಕ್ತಿಯ ಹಾಗೆ ಕೊನೆಗೆ ಅಂಟುತ್ತದೆ. ಪುಲ್ಲಿಂಗವೆಂದುಕೊಂಡರೆ ಬುಕ್ತೆನ್, ಸ್ತ್ರೀಲಿಂಗವೆಂದುಕೊಂಡರೆ ಬುಕ್ತಾ, ಎರಡೂ ನಡೆಯುತ್ತವೆ. ಅಂದರೆ ಅವರು ಕೇಳುತ್ತಿದ್ದದ್ದು ಯಾವುದೋ ಒಂದು ಬಾಗನ್ನಲ್ಲ, ತಮಗೂ ಕೇಳುವವರಿಗೂ ಗೊತ್ತಿರುವ ಆ ಒಂದನ್ನು.

ಮರುದಿನ ಮಗ ತಾಯಿಯ ಊರಿನ ಕೊಲ್ಲಿಯ ಫೋಟೋ ತೋರಿಸಿದ. ಅವರು ಮುಖ ತಿರುಗಿಸಿದರು. ಇಲ್ಲಿನ ಸರೋವರದ ದಡದ ಫೋಟೋ ತೋರಿಸಿದಾಗ ಕಣ್ಣು ಮುಚ್ಚಿಕೊಂಡರು.

"ತಿರುವು ಅಂತಲೂ ಅರ್ಥ ಇದೆ," ಎಂದೆ ಇಂಗ್ಲಿಷಿನಲ್ಲಿ.

ಅವನು ಫೋಟೋ ಕೆಳಗಿಟ್ಟ. "ನಾನು ಚಿಕ್ಕವನಿದ್ದಾಗ ನಮ್ಮ ಮನೆ ಮುಂದೆ ರಸ್ತೆ ತಿರುಗ್ತಿತ್ತು. ಈಗ ನೆನಪಾಯ್ತು, ಅಮ್ಮ ಅದನ್ನ ಬುಕ್ತಾ ಅಂತಲೇ ಕರೀತಿದ್ರು. ನನ್ನ ಸ್ಕೂಲ್ ಬಸ್ ಬರೋವರೆಗೂ ಕಿಟಕಿಯಿಂದ ಅಲ್ಲೇ ನೋಡ್ತಾ ಇರ್ತಿದ್ರು."

ಎದ್ದು ಕಿಟಕಿಯ ಬಳಿ ಹೋದ. ಕೆಳಗೆ ಆಸ್ಪತ್ರೆಗೆ ಬರುವ ರಸ್ತೆ ಪಾರ್ಕಿಂಗ್ ಜಾಗವನ್ನು ಬಳಸಿಕೊಂಡು ಬಾಗಿತ್ತು. ತಾಯಿಯ ಮಂಚ ಬಾಗಿಲ ಪಕ್ಕದಲ್ಲಿತ್ತು. ಅಲ್ಲಿಂದ ಕಾಣುತ್ತಿದ್ದದ್ದು ಬರೀ ಗೋಡೆ. ಕಿಟಕಿಯ ಪಕ್ಕದ ಮಂಚ ಖಾಲಿಯಿತ್ತು. ನರ್ಸನ್ನು ಕೇಳಿಕೊಂಡು ಅಲ್ಲಿಗೆ ಬದಲಾಯಿಸಿದೆವು. ಅವರು ಹೊರಗೆ ನೋಡಿ, ಮಗನ ಕೈ ಹಿಡಿದು ಏನೋ ಹೇಳಿದರು. ಅವನಿಗೆ ಅದೂ ಅರ್ಥವಾಗಲಿಲ್ಲ. ಆದರೆ ಆ ಪದವನ್ನು ಅವರು ಮತ್ತೆ ಕೇಳಲಿಲ್ಲ.

ಈಗ ಅವರು ನ್ಯೂಮಾರ್ಕೆಟ್‌ನಲ್ಲಿ ಮಗನ ಮನೆಯಲ್ಲಿದ್ದಾರೆ. ಇಂಗ್ಲಿಷ್ ಅರ್ಧಂಬರ್ಧ ಮರಳಿದೆ. ಮಗ ರೈಲಿನಲ್ಲಿ ಕೂತು ನಾರ್ವೇಜಿಯನ್ ಕಲಿಯುತ್ತಿದ್ದಾನೆ. ಅವನ ಉಚ್ಚಾರ ಕೇಳಿದರೆ ತಾಯಿಗೆ ನಗು ತಡೆಯಲಾಗುವುದಿಲ್ಲವಂತೆ.