ಜೀನ್ಸ್ ಕೈ ಬಿಡಿಸುವ ಪಂಪಮ್ಮ

ರಾಯದುರ್ಗದ ಬೆಟ್ಟದ ನೆತ್ತಿಗೆ ಬೆಳಗಾಗಿದೆ. ಬೆಟ್ಟದ ಕೆಳಗಿನ ಓಣಿಗೆ ಬೆಳಕು ಇನ್ನೂ ಇಳಿದಿಲ್ಲ. ಮಾಳಿಗೆಯ ಮೇಲಿನ ತಗಡಿನ ಶೆಡ್ಡಿನಲ್ಲಿ ಪಂಪಮ್ಮ ಹೊಲಿಗೆ ಮಷೀನಿನ ಮುಸುಕು ತೆಗೆಯುತ್ತಾರೆ, ಮೇಜನ್ನು ಅಂಗೈಯಿಂದ ಒರೆಸುತ್ತಾರೆ, ಸೂಜಿಗೆ ದಾರ ಪೋಣಿಸುತ್ತಾರೆ. ಆಮೇಲೆ ಅದೇ ರೀಲಿನಿಂದ ಒಂದು ಮೊಳ ದಾರ ಕಡಿದು, ಮಷೀನಿನ ಮುಂದೆ ಕೂತಿರುವ ವನಿತಾಳ ಎಡ ಮಣಿಕಟ್ಟಿಗೆ ಕಟ್ಟುತ್ತಾರೆ. ದಾರದ ಇನ್ನೊಂದು ತುದಿಯನ್ನು ಮೇಜಿನ ಮುಂದಿನ ಖಾನೆಯ ಹಿಡಿಗೆ ಬಿಗಿಯುತ್ತಾರೆ.

"ಹೊಲಿ."

ಮಷೀನು ಗುರ್ರೆನ್ನುತ್ತದೆ. ಮೆತ್ತನೆಯ ಬಿಳಿ ಬನಿಯನ್ ಬಟ್ಟೆ ಸೂಜಿಯ ಕೆಳಗೆ ಅರ್ಧ ದೂರ ಹೋಗುತ್ತದೆ. ಅಷ್ಟರಲ್ಲಿ ವನಿತಾಳ ಎಡಗೈ ಅವಳಿಗೇ ತಿಳಿಯದಂತೆ ಸೂಜಿ ದಾಟಿ ಹಿಂದಕ್ಕೆ ಹೋಗಿ ಬಟ್ಟೆಯ ತುದಿ ಹಿಡಿಯುತ್ತದೆ. ಟಪ್ಪನೆ ದಾರ ಕಡಿಯುತ್ತದೆ.

ಪಂಪಮ್ಮ ಬೈಯುವುದಿಲ್ಲ. ಇನ್ನೊಂದು ದಾರ ಕಟ್ಟುತ್ತಾರೆ.

ಪಕ್ಕದ ಮಾಳಿಗೆಯಲ್ಲಿ ಮೆಣಸಿನಕಾಯಿ ಹರವುತ್ತಿರುವ ಚೌಡಕ್ಕ ಇದನ್ನೆಲ್ಲ ನೋಡಿ ಸುಮ್ಮನಿರುವವರಲ್ಲ. "ಏನಬೇ ಪಂಪಮ್ಮ, ದಿನಾ ಬೆಳಿಗ್ಗೆ ಹುಡುಗಿಗೆ ಕಂಕಣ ಕಟ್ತೀಯಲ್ಲ, ಗಂಡು ಎಲ್ಲಿ?"

"ಗಂಡು ಬೆಂಗಳೂರಾಗ ಕುಂತಾನಕ್ಕ. ಭಾನುವಾರ ನೋಡ್ತಾನಂತ."

"ಹೋದ ಸಲ ನೋಡಿ ಒಲ್ಲೆ ಅಂದಿದ್ನಲ್ಲ!"

"ಅದಕ ಈ ಸಲ ಕೈ ತಿದ್ದಾಕತ್ತೀನಿ. ನೀ ನಿನ್ನ ಮೆಣಸಿನಕಾಯಿ ನೋಡಿಕೋ, ಕಾಗಿ ಬಂತು."

ಚೌಡಕ್ಕ 'ಗಂಡು' ಎನ್ನುವುದು ಬೆಂಗಳೂರಿನಲ್ಲಿ ನಡೆಯುವ ಒಂದು ಹೊಲಿಗೆ ಪರೀಕ್ಷೆಗೆ. ಜೋರ್ಡಾನ್ ದೇಶದ ಇರ್ಬಿದ್ ನಗರದ ಬಟ್ಟೆ ಕಾರ್ಖಾನೆಗೆ ಟೈಲರುಗಳನ್ನು ಆರಿಸುವ ಪರೀಕ್ಷೆ ಅದು. ವನಿತಾ ಒಮ್ಮೆ ಹೋಗಿ ಸೋತು ಬಂದಿದ್ದಾಳೆ. ಎರಡನೆಯ ಸಲ ಸೋತವರನ್ನು ಆ ಏಜೆನ್ಸಿಯವರು ಮತ್ತೆ ಕರೆಯುವುದಿಲ್ಲ. ಹಾಗಾಗಿ ಈ ಭಾನುವಾರವೇ ಕೊನೆ.

ಹುಡುಗಿಗೆ ಹೊಲಿಗೆ ಬರುವುದಿಲ್ಲವೆಂದಲ್ಲ, ರಾಯದುರ್ಗದ ಹೊಲಿಗೆ ಚೆನ್ನಾಗಿಯೇ ಬರುತ್ತದೆ. ತೊಂದರೆ ಇರುವುದೂ ಅಲ್ಲೇ. ಈ ಊರಿನ ಓಣಿ ಓಣಿಯಲ್ಲೂ ಜೀನ್ಸ್ ಹೊಲಿಯುತ್ತಾರೆ. ಒಂದು ಮನೆಯಲ್ಲಿ ಜೇಬು, ಇನ್ನೊಂದರಲ್ಲಿ ಜಿಪ್ಪು, ಮತ್ತೊಂದರಲ್ಲಿ ಸೊಂಟದ ಪಟ್ಟಿ. ಮೂರ್ನಾಲ್ಕು ಪದರ ಕೂಡುವ ಕಡೆ ದಪ್ಪ ಬಟ್ಟೆ ತಾನಾಗಿ ಮುಂದೆ ಸರಿಯುವುದಿಲ್ಲ. ಎಡಗೈಯನ್ನು ಸೂಜಿಯ ಹಿಂದೆ ಹಾಕಿ ಎಳೆದುಕೊಳ್ಳಬೇಕು. ವರ್ಷಗಟ್ಟಲೆ ಹೀಗೆ ಎಳೆದ ಕೈ ಆಮೇಲೆ ಯಾವ ಬಟ್ಟೆ ಕೊಟ್ಟರೂ ಎಳೆಯುತ್ತದೆ. ಇದಕ್ಕೆ ಪಂಪಮ್ಮ ಇಟ್ಟಿರುವ ಹೆಸರು 'ಜೀನ್ಸ್ ಕೈ'. ಇರ್ಬಿದ್‌ನಲ್ಲಿ ಹೊಲಿಯುವುದು ಟೀ ಶರ್ಟಿನ ಬಟ್ಟೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಹೊಲಿಗೆ ಕರಿದ ಹಪ್ಪಳದ ಅಂಚಿನಂತೆ ಸುರುಟಿಕೊಳ್ಳುತ್ತದೆ.

"ಬನೀನ್ ಬಟ್ಟಿನ ಎಳೀಬಾರದ್ರಿ, ಅದರ ಸಂಗಡ ಹೋಗಬೇಕು," ಎನ್ನುತ್ತಾರೆ ಪಂಪಮ್ಮ. "ಕೈಗೆ ಎಷ್ಟು ಹೇಳಿದ್ರೂ ತಿಳಿಯಂಗಿಲ್ಲ. ದಾರ ಕಡಿದ್ರ ತಿಳೀತದ."

ಈ ಪಾಠ ಅವರಿಗೂ ಸುಲಭವಾಗಿ ಸಿಕ್ಕಿದ್ದಲ್ಲ. ಹದಿನೇಳು ವರ್ಷದ ಕೆಳಗೆ ಇಲ್ಲಿನ ಯೂನಿಟ್ಟಿನಲ್ಲಿ ಸೊಂಟದ ಪಟ್ಟಿ ಕೂರಿಸುವುದರಲ್ಲಿ ಪಂಪಮ್ಮನವರದು ಎತ್ತಿದ ಕೈ. ಆ ಹೆಮ್ಮೆಯಲ್ಲೇ ವಿಮಾನ ಹತ್ತಿದರು. ಇರ್ಬಿದ್‌ನಲ್ಲಿ ಮೊದಲ ವಾರವೇ ಅವರು ಹೊಲಿದ ಕಟ್ಟುಗಳೆಲ್ಲ ಒಂದೊಂದಾಗಿ ವಾಪಸು ಬಂದವು. ಮಷೀನಿನಿಂದ ಎಬ್ಬಿಸಿ, ಕೈಗೊಂದು ಪುಟ್ಟ ಕತ್ತರಿ ಕೊಟ್ಟು, ಹೆಚ್ಚಿಗೆ ಉಳಿದ ಎಳೆ ಕತ್ತರಿಸುವ ಮೇಜಿಗೆ ಕಳಿಸಿದರು. ಅಲ್ಲಿಂದ ಮುಂದಿನ ದಾರಿ ಊರಿಗೆ ಎಂದು ಎಲ್ಲರಿಗೂ ಗೊತ್ತಿತ್ತು.

"ಊರಾಗ ನನ್ನ ನೋಡಿ ಕಲೀರಿ ಅಂತಿದ್ರು. ಅಲ್ಲಿ ನೋಡಿದ್ರ ನನಗ ಕತ್ತರಿ! ಊಟ ಸೇರಲಿಲ್ರಿ. ಚಳಿ ಬ್ಯಾರೆ. ನಮ್ಮ ಕಡೆ ಚಳಿ ಅಂದ್ರ ಒಂದು ದುಪಟಿ ಅಷ್ಟ. ಅಲ್ಲಿ ಎಲುಬಿನಾಗ ಹೊಕ್ಕು ಕುಂದರ್ತದ."

ಲೈನಿನ ಸೂಪರ್‌ವೈಸರ್ ಶ್ರೀಲಂಕಾದ ಹೆಂಗಸು. ಪಂಪಮ್ಮನವರ ಮಾತು ಆಕೆಗೆ ತಿಳಿಯದು, ಆಕೆಯದು ಇವರಿಗೆ ತಿಳಿಯದು. ಒಂದು ದಿನ ಊಟದ ಬಿಡುವಿನಲ್ಲಿ ಆಕೆ ಪಂಪಮ್ಮನವರನ್ನು ಖಾಲಿ ಮಷೀನಿಗೆ ಕೂರಿಸಿ, ಎಡಗೈಗೆ ದಾರ ಕಟ್ಟಿ, ಚಿಂದಿ ಬಟ್ಟೆ ಮುಂದಿಟ್ಟು, ತಾನು ಪಕ್ಕದಲ್ಲಿ ನಿಂತು ಡಬ್ಬಿಯ ಅನ್ನ ತಿನ್ನತೊಡಗಿದಳು. ದಾರ ಕಡಿದಾಗೆಲ್ಲ ತಿನ್ನುವುದು ಬಿಟ್ಟು ಮತ್ತೆ ಕಟ್ಟಿದಳು. ದಿನಾ ಹೀಗೇ ನಡೆದು, ಆ ತಿಂಗಳ ಕೊನೆಗೆ ಪಂಪಮ್ಮ ಮತ್ತೆ ಲೈನಿಗೆ ಬಂದರು. ಆಮೇಲೆ ಎಂಟು ವರ್ಷ ಅಲ್ಲೇ ಇದ್ದರು.

ಆ ಎಂಟು ವರ್ಷದ ಕಥೆ ಶುರುವಾದರೆ ಪಂಪಮ್ಮನವರ ದನಿ ಬದಲಾಗುತ್ತದೆ. ಮಷೀನಿನ ಗಾಲಿಯ ಮೇಲೆ ಕೈ ಇಟ್ಟು, ತಗಡಿನ ಆಚೆ ಎಲ್ಲೋ ನೋಡುತ್ತ ಹೇಳುತ್ತಾರೆ. ಇರ್ಬಿದ್ ಅವರಿಗೆ ಊರಾಗಿದ್ದು ಒಂದು ಸಾಬೂನಿನಿಂದ. ಅಲ್ಲಿ ವಾರದ ರಜೆ ಶುಕ್ರವಾರ. ಮೊದಲ ಶುಕ್ರವಾರ ಅಂಗಡಿಗೆ ಹೋಗಿ, ಬೇಕಾದುದನ್ನು ಕೈಸನ್ನೆಯಲ್ಲಿ ತೋರಿಸಿ ಸೋತು, ಕೊನೆಗೆ "ಸಾಬೂನು ಕೊಡೋ ಮಾರಾಯ" ಎಂದು ಕನ್ನಡದಲ್ಲೇ ಗೊಣಗಿದರಂತೆ. ಅಂಗಡಿಯ ಮುದುಕ ತಟ್ಟನೆ ಸಾಬೂನು ತೆಗೆದಿಟ್ಟ. ಅವರ ಭಾಷೆಯಲ್ಲೂ ಅದು ಸಾಬೂನೇ. ಕುರ್ಚಿಗೆ ಕುರ್ಸಿ ಎನ್ನುತ್ತಾರೆಂದು ಮರುವಾರ ಗೊತ್ತಾಯಿತು.

"ಎರಡು ಮಾತು ಸಿಕ್ಕವಲ್ಲ, ಸಾಕಾತು ನನಗ. ಕುರ್ಸಿ ಐತಿ, ಸಾಬೂನು ಐತಿ, ಇನ್ನ ಸಂಸಾರ ಹೂಡಬೌದು ಅಂದ್ಕೊಂಡೆ."

ಸಂಸಾರ ಹೂಡಿದ್ದು ಕದಿರಮ್ಮನ ಜೊತೆ. ಕಾರ್ಖಾನೆಯ ವಸತಿಯಲ್ಲಿ ಒಂದೇ ಕೋಣೆ, ಮೇಲೊಂದು ಕೆಳಗೊಂದು ಮಂಚ. ಕದಿರಮ್ಮ ಮಡಕಶಿರದ ಕಡೆಯಾಕೆ, ರತ್ನಗಿರಿ ಹತ್ತಿರದ ಹಳ್ಳಿ. ಹಿಂದೂಪುರದ ಗಾರ್ಮೆಂಟಿನಲ್ಲಿ ಪಳಗಿ ಬಂದಿದ್ದಳು. ಒಂದೇ ಜಿಲ್ಲೆ, ಒಂದೇ ಭಾಷೆ, ಆದರೂ ಮೊದಲ ದಿನದಿಂದಲೇ ಜಗಳ. ಪಂಪಮ್ಮ ಮಾತಿಗೊಂದು 'ರಿ' ಸೇರಿಸಿದರೆ ಕದಿರಮ್ಮನಿಗೆ ನಗು. "ಏನಕ್ಕ, ಬೆಕ್ಕಿಗೂ ಬರ್ರಿ ಹೋಗ್ರಿ ಅಂತೀಯ?" ಎಂದು ಅಣಕಿಸುತ್ತಿದ್ದಳು. ಇವರಿಗೆ ರೊಟ್ಟಿ ಬೇಕು, ಅವಳಿಗೆ ಮುದ್ದೆ ಬೇಕು. ಆ ಊರಿನಲ್ಲಿ ಜೋಳವೂ ಇಲ್ಲ, ರಾಗಿಯೂ ಇಲ್ಲ. ಕೊನೆಗೆ ಇಬ್ಬರೂ ಬೀದಿ ತುದಿಯ ಬೇಕರಿಯ ಅಗಲವಾದ ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ತಿಂದು ಒಂದಾದರು.

ಬೆಳಿಗ್ಗೆ ಗ್ಯಾಸ್ ಸಿಲಿಂಡರಿನ ಗಾಡಿ ಸಂಗೀತ ಹಾಕಿಕೊಂಡು ಬೀದಿ ಬೀದಿ ತಿರುಗುತ್ತಿತ್ತು. ಮೊದಲ ಸಲ ಐಸ್ ಗಾಡಿ ಎಂದುಕೊಂಡು ಇಬ್ಬರೂ ಚಿಲ್ಲರೆ ಹಿಡಿದು ಓಡಿದ್ದನ್ನು ಹೇಳುವಾಗ ಪಂಪಮ್ಮನಿಗೆ ನಗು ತಡೆಯದು. ವಸತಿಯ ಹಿಂದಿನ ಮನೆಯ ಅಜ್ಜಿಯನ್ನು ಬೀದಿಯವರೆಲ್ಲ ಉಮ್ ಖಾಲಿದ್, ಎಂದರೆ ಖಾಲಿದನ ತಾಯಿ, ಎನ್ನುತ್ತಿದ್ದರು. ಆಕೆಯ ಹಿತ್ತಲಲ್ಲಿ ಆಲಿವ್ ಮರಗಳಿದ್ದವು. ಕಾಯಿ ಬಲಿತ ಮೇಲೆ ಮರದ ಕೆಳಗೆ ಬಟ್ಟೆ ಹಾಸಿ ಕೋಲಿನಿಂದ ಬಡಿಯುತ್ತಿದ್ದರು. ಒಂದು ಶುಕ್ರವಾರ ಬೇಲಿಯಾಚೆ ನಿಂತು ನೋಡುತ್ತಿದ್ದ ಕದಿರಮ್ಮ, "ಅಕ್ಕ, ಇದು ನಮ್ಮ ಹುಣಸೆಹಣ್ಣು ಬಡ್ದಂಗೇ ಐತೆ ನೋಡು, ಅವರ್ಗೆ ಬಡಿಯಾಕೇ ಬರಲ್ಲ," ಎಂದವಳೇ ಬೇಲಿ ದಾಟಿ ಕೋಲು ಕಿತ್ತುಕೊಂಡಳು. ಸಂಜೆ ಅಜ್ಜಿ ಅದಾವುದೋ ಎಲೆ ಹಾಕಿ ಕುದಿಸಿದ ಟೀ ಕೊಟ್ಟಳು. ಅಂದಿನಿಂದ ಪ್ರತಿ ವರ್ಷ ಆಲಿವ್ ಬಡಿಯುವ ದಿನ ಅಜ್ಜಿಯೇ ಬಂದು ಕರೆಯುತ್ತಿದ್ದಳು.

"ಊರಾಗ ನಮಗ ಒಂದು ಹುಣಸಿ ಗಿಡ ಇಲ್ರಿ. ಅಲ್ಲಿ ಕಂಡೋರ ಗಿಡ ಬಡಿಯಾಕ ಹೋಗಿ ನಮ್ಮದು ಅನ್ನಂಗ ಆಗಿಬಿಟ್ಟಿತ್ತು."

ವಯಸ್ಸಾಯಿತೆಂದು ಕಂಪನಿ ಕರಾರು ಮುಂದುವರಿಸಲಿಲ್ಲ. ಇಬ್ಬರೂ ಒಂದೇ ವಿಮಾನದಲ್ಲಿ ವಾಪಸಾದರು. ಕದಿರಮ್ಮ ಈಗ ಊರಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಾಳೆ. ಪಂಪಮ್ಮ ಹಳೆಯ ಮಷೀನೊಂದನ್ನು ಕೊಂಡು ಮಾಳಿಗೆ ಮೇಲೆ ಹಾಕಿದರು. ಆ ಕಡೆ ಹೋಗಲು ಬಯಸುವ ಹೆಣ್ಣುಮಕ್ಕಳ ಜೀನ್ಸ್ ಕೈ ಬಿಡಿಸಿ ಕಳಿಸುತ್ತಾರೆ. ಬೆಳಿಗ್ಗೆ ಕಲಿಸುವುದು, ಹಗಲೆಲ್ಲ ಯೂನಿಟ್ಟಿನಲ್ಲಿ ಅದೇ ಜೀನ್ಸ್ ಹೊಲಿಯುವುದು. ಇರ್ಬಿದ್‌ಗೆ ಅವರು ಇನ್ನು ಹೋಗುವಂತಿಲ್ಲ.

ಅವರ ಪತಿ ಗಾದಿಲಿಂಗಪ್ಪ ಜೀನ್ಸ್ ತೊಳೆಯುವ ಯೂನಿಟ್ಟಿನಲ್ಲಿದ್ದಾರೆ. ಮೊಣಕೈವರೆಗೆ ನೀಲಿ ಹತ್ತಿದ ಮನುಷ್ಯ, ಮಾತು ಕಡಿಮೆ. "ಆಕಿ ಅಲ್ಲಿ ಇದ್ದಾಗ ಇಲ್ಲಿ ನಾನು ಒಬ್ಬಂಟಿ ಇದ್ದೆ ಅಂತ ಜನ ಮರುಗ್ತಿದ್ರು. ಈಗ ನೋಡ್ರಿ, ಶುಕ್ರವಾರ ಬಂದ್ರ ಸೀರಿ ಉಟ್ಕೊಂಡು ಬಾಗಿಲಿಗೆ ನಿಂದರ್ತಾಳ. ಎಲ್ಲಿಗೆ ಅಂದ್ರ ಎಲ್ಲಿಗೂ ಇಲ್ಲ ಅಂತಾಳ."

"ಸುಮ್ಮನಿರ್ರಿ. ಗಾಳಿಗೆ ನಿಂತಿರ್ತೀನಿ," ಎನ್ನುತ್ತಾರೆ ಪಂಪಮ್ಮ.

ವನಿತಾ ಕದಿರಮ್ಮನ ಮಗಳು. ತಾಯಿ ವಿಮಾನ ಹತ್ತಿದಾಗ ಇನ್ನೂ ಬಳಪ ಹಿಡಿಯಲು ಕಲಿಯುತ್ತಿದ್ದಳು. ತಾಯಿ ಮರಳುವ ಹೊತ್ತಿಗೆ ಲಂಗ ದಾವಣಿಯ ಹುಡುಗಿ. ಇರ್ಬಿದ್ ಎಂಬ ಹೆಸರು ಕೇಳಿದರೇ ಅವಳಿಗೆ ಆಗುತ್ತಿರಲಿಲ್ಲ. ದೊಡ್ಡವಳಾದ ಮೇಲೆ ತಾನೂ ಅಲ್ಲಿಗೇ ಹೋಗುತ್ತೇನೆಂದು ಹಟ ಹಿಡಿದಳು. "ನಮ್ಮವ್ವುನ್ನ ಅಷ್ಟು ವರ್ಸ ಇಟ್ಕಂಡಿತ್ತಲ್ಲ ಆ ಊರು, ಅಂತಾದ್ದು ಏನೈತೆ ಅಲ್ಲಿ ಅಂತ ನೋಡ್ಬೇಕು," ಎನ್ನುತ್ತಾಳೆ.

ಕದಿರಮ್ಮ ಮಗಳನ್ನು ಪಂಪಮ್ಮನ ಮನೆಗೆ ತಂದುಬಿಟ್ಟಳು. ಕಲಿಯುವವರೆಗೆ ಖರ್ಚಿಗಾಗಲೆಂದು ಪಂಪಮ್ಮನೇ ಅವಳನ್ನು ಜೀನ್ಸ್ ಯೂನಿಟ್ಟಿಗೆ ಸೇರಿಸಿದರು. ಬಟ್ಟೆ ಎಳೆಯುವ ಚಟ ಅಂಟಿದ್ದು ಅಲ್ಲೇ. ಸುಲಭವಾಗಿ ಬಿಡಿಸಬಹುದು ಎಂದುಕೊಂಡಿದ್ದರು. ಮೊದಲ ಪರೀಕ್ಷೆಯಲ್ಲಿ ಸುರುಟಿದ ಹೊಲಿಗೆ ಕಂಡು ಹೊರಗೆ ಕಳಿಸಿದಾಗ ಹುಡುಗಿ ಅಳಲಿಲ್ಲ, ಪಂಪಮ್ಮ ಅತ್ತರು. ಆಮೇಲೆ ವನಿತಾಳನ್ನು ಯೂನಿಟ್ಟಿನಿಂದ ಬಿಡಿಸಿದರು. ಜೀನ್ಸ್ ಮುಟ್ಟಕೂಡದು, ಮನೆಯ ದುಪಟಿಯನ್ನು ಸಹ ಎಳೆದು ಹಾಸಕೂಡದು ಎಂದು ಕಟ್ಟುನಿಟ್ಟು.

"ನಾ ಮತ್ತ ಹೋಗಂಗಿಲ್ಲ. ಕದಿರಮ್ಮ ಹೋಗಂಗಿಲ್ಲ. ಈ ಹುಡುಗಿ ಕೈ ಸೋತ್ರ ಅಲ್ಲಿಗೆ ಮುಗೀತು. ಇರ್ಬಿದ್‌ನ ಆ ಓಣಿಗೆ ನಮ್ಮ ಮನಿಯೋರು ಅಂತ ಯಾರೂ ಉಳಿಯಂಗಿಲ್ಲ," ಎಂದು ಪಂಪಮ್ಮ ಮತ್ತೊಂದು ದಾರ ಕಟ್ಟುತ್ತಾರೆ.

ಶುಕ್ರವಾರದ ಹೊತ್ತಿಗೆ ದಾರ ಕಡಿಯುವುದು ಕಡಿಮೆಯಾಗುತ್ತದೆ. ಶನಿವಾರ ಬೆಳಿಗ್ಗೆ ಮೇಜಿನ ಮೇಲೆ ಹರಡಿದ ಹೊಲಿಗೆ ಮಲಗಿದ ನೀರಿನ ಹಾಗೆ ಸಮ ಇದೆ. ಪಂಪಮ್ಮ ವನಿತಾಳ ಹಣೆಗೆ ವಿಭೂತಿ ಹಚ್ಚಿ ಬೆಂಗಳೂರಿನ ಬಸ್ಸಿಗೆ ಹತ್ತಿಸುತ್ತಾರೆ.

ಭಾನುವಾರ ಯೂನಿಟ್ಟಿಗೆ ರಜೆ. ಪಂಪಮ್ಮ ಫೋನನ್ನು ಅಕ್ಕಿ ಆರಿಸುವ ಮೊರದ ಪಕ್ಕದಲ್ಲಿಟ್ಟುಕೊಂಡು ಕೂತಿದ್ದಾರೆ. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಾರೆ. ಮಧ್ಯಾಹ್ನ ದಾಟಿದ ಮೇಲೆ ಫೋನು ಬರುತ್ತದೆ.

"ದೊಡ್ಡಮ್ಮ..."

"ಹೇಳ ಹುಡುಗಿ, ಜೀವ ತಿನ್ನಬ್ಯಾಡ!"

"ಕೈ ಓತು ದೊಡ್ಡಮ್ಮ ಇಂದಕ್ಕೆ. ಸೂಜಿ ತಾವ ಓಗಿ ನಿಂತ್ಕಂತು. ಯಾರೋ ಇಡ್ಕಂಡಂಗೆ ಆತು. ವಾಪಸ್ ತಂದೆ."

"ಆಮ್ಯಾಲ?"

"ಆಮೇಲೇನು, ಪರೀಕ್ಷೆ ಮಾಡೋ ಸಾರು ಬಟ್ಟೆ ಮೇಜಿನ ಮೇಲಿಟ್ಟು ಎರಡು ಸಲ ಕೈಯಾಡಿಸಿದ್ರು. ಪಾಸ್‌ಪೋರ್ಟು ಕೊಟ್ಟೋಗಮ್ಮ ಅಂದ್ರು."

ಪಂಪಮ್ಮ ಫೋನನ್ನು ಗಾದಿಲಿಂಗಪ್ಪನವರ ಕೈಗೆ ಕೊಟ್ಟು ಮಾಳಿಗೆ ಹತ್ತುತ್ತಾರೆ. ಚೌಡಕ್ಕನ ದನಿ ಓಣಿಗೆಲ್ಲ ಕೇಳುತ್ತದೆ: "ಗಂಡು ಒಪ್ಪಿದನಂತ ರೀ!"

ವೀಸಾ ಬರಲು ಒಂದಷ್ಟು ವಾರ ಹಿಡಿಯುತ್ತದೆ. ಹೊರಡುವ ದಿನ ಬೆಳಿಗ್ಗೆ ಕದಿರಮ್ಮ ಮಡಕಶಿರದಿಂದ ಎರಡು ಬಸ್ಸು ಬದಲಿಸಿ ಬಂದಿದ್ದಾಳೆ. ಬಸ್ ನಿಲ್ದಾಣದಲ್ಲಿ ಅವಳು ಮಗಳ ಕೂದಲು ಸರಿಮಾಡುತ್ತಾಳೆ, ಚೀಲದ ಜಿಪ್ಪು ಹಾಕಿ ತೆಗೆದು ಮತ್ತೆ ಹಾಕುತ್ತಾಳೆ, ಸ್ವೆಟರು ಸಾಲದೆಂದು ಪಂಪಮ್ಮನ ಜೊತೆ ಜಗಳವಾಡುತ್ತಾಳೆ.

"ಅಳಬ್ಯಾಡ ಕಣವ್ವ," ಎನ್ನುತ್ತಾಳೆ ವನಿತಾ. "ಎರಡು ವರ್ಸದ ಕರಾರು ತಾನೆ. ಕಣ್ಣು ಮುಚ್ಕಂಡು ಎಂಗೋ ತಳ್ಳಿಬಿಡ್ತೀನಿ."

ಕದಿರಮ್ಮ ತಲೆಯಾಡಿಸುತ್ತಾಳೆ. ಆದರೆ ಪಂಪಮ್ಮನವರ ಮುಖ ಬಿಗಿಯುತ್ತದೆ. ಅಷ್ಟು ದಿನ ಎಷ್ಟು ದಾರ ಕಡಿದರೂ ಬೈಯದವರು ಈಗ ಹುಡುಗಿಯ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿಕೊಳ್ಳುತ್ತಾರೆ.

"ತಳ್ಳಾಕ ಹೋಗಬ್ಯಾಡ ಮಗಾ. ಇರಾಕ ಹೋಗು."